ರಾಜೀನಾಮೆ ಕೊಟ್ಟ ಮೇಲಿನ ತೊಂಬತ್ತು ದಿನ

ಕಲಬುರಗಿಯಲ್ಲಿ ಪದವಿ ಕೊನೆ ವರ್ಷದ ವಿದ್ಯಾರ್ಥಿಗಳು ಮತ್ತು ಈಗಾಗಲೇ ನೌಕರಿಯಲ್ಲಿರುವ ಹಳೇ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳಿವು. ಮಾತಿನ ಧಾಟಿ ಹಾಗೇ ಇಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ. ನೌಕರಿ ಹಿಡಿಯುವುದು ಹೇಗೆ ಅಂತ ಹೇಳಿಕೊಡೋಕೆ ನಮ್ಮ ಊರಿನಲ್ಲಿ ಗಲ್ಲಿಗೊಂದು ಕೋಚಿಂಗ್ ಕ್ಲಾಸ್ ಇದೆ. ಬಿಡುವುದು ಹೇಗೆ ಅಂತ ಯಾರೂ ಹೇಳಿಕೊಡುವುದಿಲ್ಲ. ಹಾಗಾಗಿ ಜನ ಬಿಟ್ಟು, ಜಗಳ ಆದ ಮೇಲೆ ವಕೀಲರ ಹತ್ತಿರ ಬರುತ್ತಾರೆ. ನಾನು ಕಾರ್ಮಿಕರ ಕೇಸು ನೋಡುವ ವಕೀಲ. ಎದುರಿಗೆ ಕೂತವರು ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಇರುತ್ತದೆ. "ಸರ್, ರಾಜೀನಾಮೆ ಕೊಟ್ಟೀನ್ರಿ. ಆದ್ರ ಅವ್ರು ಆಕ್ಸೆಪ್ಟ್ ಮಾಡವಲ್ರು. ಈಗ ಏನ್ ಮಾಡ್ಲಿ?"

ಮಾಲಕರು ಹೂಂ ಅಂದರೆ ಮಾತ್ರ ಬಿಡಬಹುದು ಅಂತ ಇವರೆಲ್ಲ ನಂಬಿರುತ್ತಾರೆ. ಖಾಸಗಿ ನೌಕರಿಯಲ್ಲಿ ಅದು ಹಾಗಿಲ್ಲ. 1963ರ ಸ್ಪೆಸಿಫಿಕ್ ರಿಲೀಫ್ ಆ್ಯಕ್ಟ್ ಅಂತ ಒಂದು ಕಾಯ್ದೆ ಇದೆ. ಅದರ 14ನೇ ಕಲಂ ಪ್ರಕಾರ, ಒಬ್ಬ ಮನುಷ್ಯನ ಸ್ವಂತ ದುಡಿಮೆ, ಅರ್ಹತೆ ಮೇಲೆ ನಿಂತ ಕರಾರನ್ನು ಕೋರ್ಟು ಬಲವಂತದಿಂದ ನಡೆಸಿಕೊಡುವುದಿಲ್ಲ. ಅಂದ್ರೆ "ಹೋಗಿ ಇನ್ನೂ ಎರಡು ತಿಂಗಳು ಅಲ್ಲೇ ದುಡಿ" ಅಂತ ಯಾವ ಜಡ್ಜೂ ಹೇಳುವುದಿಲ್ಲ. ಇದರ ಮೇಲೆ ಸಂವಿಧಾನದ 23ನೇ ವಿಧಿ ಇದೆ. ಅದು ಬಲವಂತದ ದುಡಿಮೆಯನ್ನೇ ನಿಷೇಧಿಸುತ್ತದೆ. 2018ರಲ್ಲಿ ಏರ್ ಇಂಡಿಯಾ ನೌಕರರೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ರಾಜೀನಾಮೆ ಕೊಡುವುದು ನೌಕರನ ಹಕ್ಕು ಅಂತ ಹೇಳಿತು. ನಿಯಮದಲ್ಲಿ ಅಥವಾ ನೇಮಕದ ಷರತ್ತಿನಲ್ಲಿ ಬೇರೆ ಮಾತು ಇದ್ದರೆ, ಇಲ್ಲವೇ ಶಿಸ್ತಿನ ವಿಚಾರಣೆ ಬಾಕಿ ಇದ್ದರೆ ಅದು ಬೇರೆ ಲೆಕ್ಕ.

ಯಾವಾಗಲೂ ಹೀಗೇ ಇರಲಿಲ್ಲ. ಬ್ರಿಟಿಷರು 1859ರಲ್ಲಿ ಒಂದು ಕಾಯ್ದೆ ತಂದಿದ್ದರು. ಮುಂಗಡ ಹಣ ತಗೊಂಡ ಕೆಲಸಗಾರ ನಡುವೆ ಬಿಟ್ಟು ಹೋದರೆ ಮ್ಯಾಜಿಸ್ಟ್ರೇಟ್ ಕರೆಸುತ್ತಿದ್ದರು. ಹಣ ತಿರುಗಿ ಕೊಡು, ಇಲ್ಲ ಕೆಲಸ ಮುಗಿಸು ಅನ್ನುತ್ತಿದ್ದರು. ಎರಡೂ ಆಗದಿದ್ದರೆ ಮೂರು ತಿಂಗಳವರೆಗೆ ಜೈಲು. 1925ರಲ್ಲಿ ಅದನ್ನು ರದ್ದು ಮಾಡಿದರು. ಆದರೆ ಕೆಲವು ಮಾಲಕರಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ ಅನಿಸುತ್ತದೆ. "ಪೊಲೀಸ್ ಕಂಪ್ಲೇಂಟ್ ಕೊಡ್ತೀನಿ" ಅನ್ನುವುದು ಈಗಲೂ ನಡೆಯುತ್ತದೆ. ನೌಕರಿ ಬಿಡುವುದು ಅಪರಾಧ ಅಲ್ಲ. ಆದರೆ ಕಂಪನಿ ಲ್ಯಾಪ್‌ಟಾಪ್, ವಸೂಲಿ ಮಾಡಿದ ರೊಕ್ಕ, ಗೋಡೌನ್ ಕೀಲಿ ನಿಮ್ಮ ಹತ್ತಿರ ಉಳಿದರೆ ಕಂಪ್ಲೇಂಟ್ ಕೊಡಲು ನೀವೇ ಕಾರಣ ಕೊಟ್ಟ ಹಾಗೆ. ಅವುಗಳನ್ನು ಒಪ್ಪಿಸಿ, ಸಹಿ ತಗೊಂಡು, ಫೋಟೋ ತೆಗೆದು ಇಟ್ಟುಕೊಳ್ಳಿ.

ಹಾಗಾದರೆ ಅವರು ಏನು ಮಾಡಬಹುದು? ಹಣ ಕೇಳಬಹುದು. ನೋಟಿಸ್ ಅವಧಿ ಅಂದ್ರೆ ಬಿಡ್ತೀನಿ ಅಂತ ಹೇಳಿದ ಮೇಲೂ ದುಡಿಯಬೇಕಾದ ದಿನಗಳು. ಅದರ ಜಗಳ ಕೊನೆಗೆ ಬಂದು ನಿಲ್ಲುವುದು ಇಲ್ಲೇ. ಇದನ್ನು ನಿಷ್ಠೆಯ ವಿಷಯ ಅಂತ ನೋಡಿದರೆ ಇಬ್ಬರಿಗೂ ತಲೆ ಕೆಡುತ್ತದೆ. ಲೆಕ್ಕ ಅಂತ ನೋಡಿದರೆ ಅರ್ಧ ತಾಸಿನಲ್ಲಿ ಮುಗಿಯುತ್ತದೆ.

ಆರ್ಡರ್ ಕಾಪಿ, ಅಂದ್ರೆ ನೇಮಕ ಪತ್ರ ತೆಗೆದು ನೋಟಿಸ್ ಷರತ್ತು ಓದಿ. ಸೇರುವ ದಿನ ಅದನ್ನು ಯಾರೂ ಓದಿರುವುದಿಲ್ಲ, ಪಗಾರದ ಸಾಲು ನೋಡಿ ಸಹಿ ಹಾಕಿರುತ್ತಾರೆ. 90 ದಿನ ಅಂತ ಇದೆಯಾ, 30 ಅಂತ ಇದೆಯಾ? "ನೋಟಿಸ್ ಅಥವಾ ಅದರ ಬದಲು ಪಗಾರ" ಅಂತ ಇದೆಯಾ? ಆ ಪಗಾರ ಬೇಸಿಕ್ಕಾ (ಮೂಲ ವೇತನ), ಗ್ರಾಸಾ (ಭತ್ಯೆ ಸೇರಿ ಒಟ್ಟು)? ಒಂದು ಉದಾಹರಣೆ ನೋಡಿ. ಗ್ರಾಸ್ 24,000, ಬೇಸಿಕ್ 12,000. 90 ದಿನದ ನೋಟಿಸಿನಲ್ಲಿ 30 ದಿನ ದುಡಿದಿರಿ, 60 ಬಾಕಿ. ಬೇಸಿಕ್ ಲೆಕ್ಕದಲ್ಲಿ ಕೊಡಬೇಕಾದ್ದು 24,000. ಗ್ರಾಸ್ ಲೆಕ್ಕದಲ್ಲಿ 48,000. ಆರ್ಡರಿನಲ್ಲಿ ಬೇಸಿಕ್ ಅಂತ ಬರೆದು, ಲೆಕ್ಕ ಹಾಕುವಾಗ ಗ್ರಾಸ್ ಹಿಡಿಯುವುದನ್ನು ನಾನು ನೋಡಿದ್ದೇನೆ. ಇದರ ಮೇಲೆ ಜಿಎಸ್‌ಟಿ ಕೇಳುವವರೂ ಇದ್ದರು. ನೋಟಿಸ್ ಪಗಾರದ ವಸೂಲಿಗೆ ಜಿಎಸ್‌ಟಿ ಇಲ್ಲ ಅಂತ 2022ರ ಆಗಸ್ಟ್‌ನಲ್ಲಿ ಕೇಂದ್ರದ ಸುತ್ತೋಲೆಯೇ ಬಂದಿದೆ.

ಕೆಲವು ಆರ್ಡರುಗಳಲ್ಲಿ "ಹಣ ತಗೊಂಡು ಬಿಡಬೇಕೋ ಬೇಡವೋ ಎಂಬುದು ಕಂಪನಿಯ ಇಷ್ಟ" ಅಂತ ಇರುತ್ತದೆ. ಆಗ ಹಣ ಕಟ್ಟಿ ಹೋಗುವುದು ನಿಮ್ಮ ಹಕ್ಕು ಅಂತ ವಾದಿಸುವುದು ಕಷ್ಟ. ಆದರೂ ಅವರು ನಿಮ್ಮನ್ನು ಕೂರಿಸಿ ದುಡಿಸಲು ಆಗುವುದಿಲ್ಲ. ನಷ್ಟ ಪರಿಹಾರ ಕೇಳಬಹುದು ಅಷ್ಟೇ. ಅದಕ್ಕೂ 1872ರ ಕರಾರು ಕಾಯ್ದೆಯ 74ನೇ ಕಲಂ ಒಂದು ಮಿತಿ ಹಾಕಿದೆ. ಕರಾರಿನಲ್ಲಿ ಬರೆದ ಮೊತ್ತವೇ ಗರಿಷ್ಠ. ಅದರೊಳಗೆ ನ್ಯಾಯವಾದದ್ದು ಎಷ್ಟೋ ಅಷ್ಟನ್ನು ಕೋರ್ಟು ಕೊಡಿಸುತ್ತದೆ. ಐದು ಲಕ್ಷ ಅಂತ ಬರೆದಿದ್ದರೆ ಐದು ಲಕ್ಷ ಬಂದೇ ಬಿಡುತ್ತದೆ ಅಂತಲ್ಲ.

90 ದಿನದ ಬಗ್ಗೆ ನನ್ನ ಅಭಿಪ್ರಾಯವನ್ನೂ ಹೇಳಿಬಿಡುತ್ತೇನೆ. ಇಪ್ಪತ್ತು ಸಾವಿರ ಪಗಾರದ ಹುಡುಗನಿಗೆ ಮೂರು ತಿಂಗಳ ನೋಟಿಸ್ ಯಾಕೆ ಬೇಕು? ಸೇಡಂ, ಮಳಖೇಡ, ವಾಡಿಯಂಥ ಕಡೆ ದೊಡ್ಡ ಕಾರ್ಖಾನೆಗಳ ಕಾರ್ಮಿಕರಿಗೆ ದಶಕಗಳ ಕಾಲ ದಾರಿ ತೋರಿಸಿದ್ದು 1946ರ ಕಾಯ್ದೆಯ ಸ್ಥಾಯೀ ಆದೇಶಗಳು, ಅಂದ್ರೆ ಕಾರ್ಖಾನೆ ಕೆಲಸದ ನಿಯಮಾವಳಿ. ಅದರ ಮಾದರಿಯಲ್ಲಿ ತಿಂಗಳ ಪಗಾರದ ಕಾಯಂ ಕಾರ್ಮಿಕನಿಗೆ ಒಂದೇ ತಿಂಗಳ ನೋಟಿಸ್ ಇತ್ತು. ಎರಡೂ ಕಡೆಗೂ ಅದೇ. ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯೂ, ಆರು ತಿಂಗಳು ದುಡಿದವರನ್ನು ತೆಗೆಯುವ ಮಾಲಕರಿಗೆ ಹೇಳುವುದು ಒಂದು ತಿಂಗಳ ನೋಟಿಸ್ ಅಥವಾ ಅಷ್ಟು ಪಗಾರ. ಅದಕ್ಕೆ ಸರಿಯಾದ ಕಾರಣವೂ ಬೇಕು. 90 ಎಂಬ ಸಂಖ್ಯೆ ಬಂದಿರುವುದು ಕಂಪನಿಗಳ ಕಾಗದದಿಂದ. ಅದರಲ್ಲೂ ಕಂಪನಿ ನಿಮ್ಮನ್ನು ತೆಗೆದರೆ 30 ದಿನ, ನೀವು ಬಿಟ್ಟರೆ 90 ದಿನ ಅಂತ ಇದ್ದರೆ, ಅದು ಚೌಕಾಸಿ ಮಾಡಲು ಆಗದವನ ಕೈಯಲ್ಲಿ ಹಾಕಿಸಿಕೊಂಡ ಸಹಿ. ಹಾಗಂತ ಎಲ್ಲಾ ಉದ್ದ ನೋಟಿಸೂ ಅನ್ಯಾಯ ಅಲ್ಲ. ಪೈಲಟ್‌ಗಳಿಗೆ ವಿಮಾನಯಾನ ನಿಯಂತ್ರಕ ಡಿಜಿಸಿಎಯ 2017ರ ನಿಯಮದಲ್ಲಿ ಕೋ-ಪೈಲಟ್‌ಗೆ ಆರು ತಿಂಗಳು, ಕಮಾಂಡರ್‌ಗೆ ಒಂದು ವರ್ಷ ಅಂತ ಇದೆ. ನಮ್ಮ ಏರ್‌ಪೋರ್ಟಿನಲ್ಲಿ ವಿಮಾನ ಹಾರಿಸಲು ಕಲಿಯುತ್ತಿರುವ ಮಕ್ಕಳು ಇದನ್ನು ಈಗಲೇ ತಿಳಿದುಕೊಂಡರೆ ಒಳ್ಳೇದು.

ಇನ್ನು ನಮ್ಮ ಕಡೆಯದೇ ಒಂದು ತೊಡಕು. ಬೆಂಗಳೂರಿನ ಐಟಿ ಹುಡುಗರ ಸಲಹೆ ಇಲ್ಲಿ ಅರ್ಧ ಕೆಲಸಕ್ಕೆ ಬರುವುದಿಲ್ಲ. ಯಾಕಂದ್ರೆ ಇಲ್ಲಿ ನೌಕರಿ ಸಿಗುವುದೇ ಪರಿಚಯದಿಂದ. ಕಾಕಾ ಹೇಳಿದರು, ಬೀಗರು ಹೇಳಿದರು, ಊರಿನ ಹಿರಿಯರು ಫೋನ್ ಮಾಡಿದರು. ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವುದು, ಸೂಪರ್ ಮಾರ್ಕೆಟ್ ಕಡೆ ಬಟ್ಟೆ ಅಂಗಡಿ, ನರ್ಸಿಂಗ್ ಹೋಮ್, ಇಂಗ್ಲಿಷ್ ಮೀಡಿಯಂ ಶಾಲೆ. ಆರ್ಡರ್ ಅಂತ ಕಾಗದ ಕೊಡುವುದಿಲ್ಲ. "ನಾಳಿಂದ ಬಾರಪ್ಪಾ" ಅನ್ನುವುದೇ ಆರ್ಡರ್. ಬಿಡುವಾಗಲೂ ಮಾತು ಅದೇ ದಾರಿಯಲ್ಲಿ ತಿರುಗಿ ಹೋಗುತ್ತದೆ. ಮಾಲಕರು ಹುಡುಗನಿಗೆ ಫೋನ್ ಮಾಡುವುದಿಲ್ಲ, ಕಾಕಾಗೆ ಮಾಡುತ್ತಾರೆ. "ನಿಮ್ಮ ಹುಡುಗ ಹಿಂಗ್ ಮಾಡಿದ ನೋಡ್ರಿ." ರಾತ್ರಿ ಮನೆಯಲ್ಲಿ ಪಂಚಾಯ್ತಿ. "ತಮ್ಮಾ, ಅವ್ರ ಮುಂದ ನನ್ನ ಮರ್ಯಾದಿ ಏನ್ ಉಳೀತು?" ಹೈದರಾಬಾದಿನಲ್ಲೋ ಪುಣೆಯಲ್ಲೋ ಸಿಕ್ಕ ನೌಕರಿ ಹೀಗೇ ಕೈಬಿಟ್ಟು ಹೋಗಿದ್ದುಂಟು.

ಕಾಕಾಗೆ ಉತ್ತರ ಕೊಡಲು ಯಾವ ಕಾಯ್ದೆಯಲ್ಲೂ ಕಲಂ ಇಲ್ಲ. ಆದರೆ ಒಂದು ಉಪಾಯ ಇದೆ. ನೌಕರಿ ಕೊಡಿಸಿದವರಿಗೆ ಮೊದಲು ಹೇಳಿ, ಆಮೇಲೆ ಮಾಲಕರಿಗೆ ಹೇಳಿ. ಹೇಳುವಾಗ ದಿನಾಂಕ ಇರಲಿ. "ಬಿಡಬೇಕು ಅಂತ ವಿಚಾರ ಮಾಡೀನ್ರಿ" ಅಂದರೆ ಎಲ್ಲರೂ ನಿಮ್ಮ ವಿಚಾರ ಬದಲಿಸಲು ಕೂರುತ್ತಾರೆ. "ಮುಂದಿನ ತಿಂಗಳು 15ಕ್ಕೆ ಬಿಡ್ತೀನ್ರಿ, ಅಷ್ಟರಾಗ ಹೊಸಬರಿಗೆ ಲೆಕ್ಕ ತೋರಿಸಿ ಹೋಗ್ತೀನಿ" ಅಂದರೆ ಮಾತು ಹೊಸಬರು ಯಾರು ಎನ್ನುವ ಕಡೆ ತಿರುಗುತ್ತದೆ.

ಕಾಗದವೇ ಇಲ್ಲದವರಿಗೆ ನೋಟಿಸ್ ಎಷ್ಟು ದಿನ? ನೀವು ಸಹಿ ಹಾಕದ 90 ದಿನವನ್ನು ಯಾರೂ ನಿಮ್ಮ ಮೇಲೆ ಹೇರಲು ಆಗುವುದಿಲ್ಲ. ತಿಂಗಳ ಪಗಾರದವರು ಒಂದು ತಿಂಗಳು ಮುಂಚೆ ಹೇಳಿದರೆ ಅದು ಮರ್ಯಾದೆಯ ನೋಟಿಸ್. ಇನ್ನು ಮುಂದೆ ಕಾಗದ ಇಲ್ಲ ಅನ್ನುವ ಹಾಗೂ ಇಲ್ಲ. 2025ರ ನವೆಂಬರ್ 21ರಿಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅವುಗಳಲ್ಲಿ ಒಂದರ ಪ್ರಕಾರ 10 ಅಥವಾ ಜಾಸ್ತಿ ಕೆಲಸಗಾರರು ಇರುವ ಕಡೆ ಪ್ರತಿಯೊಬ್ಬರಿಗೂ ನೇಮಕ ಪತ್ರ ಕೊಡಲೇಬೇಕು. ಮೊದಲಿಂದ ಇರುವವರಿಗೆ ಮೂರು ತಿಂಗಳೊಳಗೆ ಕೊಡಬೇಕು ಅಂತಲೂ ಇದೆ. ಕೇಳಿ ಪಡೆಯಿರಿ. ಪಡೆದ ಮೇಲೆ ನೋಟಿಸ್ ಷರತ್ತು ಓದಿ ಸಹಿ ಹಾಕಿ. ಇಷ್ಟು ದಿನ ಇರದ 90 ದಿನ ಆ ಕಾಗದದಲ್ಲಿ ಸದ್ದಿಲ್ಲದೆ ಬಂದು ಕೂತಿರಬಹುದು.

ಶಾಲೆಗಳ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಇಲ್ಲಿ ಕೂತವರಲ್ಲಿ ಬಿ.ಎಡ್. ಮಾಡಿದವರು ಜಾಸ್ತಿ ಇದ್ದೀರಿ. ಸೇರುವಾಗ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಸ್ಕೊಂಡು ಆಫೀಸಿನ ಅಲ್ಮೇರಾದಲ್ಲಿ ಇಡುವ ಪದ್ಧತಿ ನಿಮಗೆ ಗೊತ್ತು. ಕೆಲವು ಕಡೆ ಖಾಲಿ ಚೆಕ್ಕಿಗೂ ಸಹಿ ಮಾಡಿಸಿಕೊಳ್ಳುತ್ತಾರೆ. ಬಿಡುವ ದಿನ ಅಲ್ಮೇರಾದ ಕೀಲಿ ಕಳೆದಿರುತ್ತದೆ. ಶಿಕ್ಷಣದ ಸರ್ಟಿಫಿಕೇಟು ಮಾರುವ ಸರಕಲ್ಲ, ಬಾಕಿಗೆ ಅಂತ ಅದನ್ನು ಹಿಡಿದಿಡಲು ಆಗುವುದಿಲ್ಲ ಅಂತ ಮದ್ರಾಸ್ ಹೈಕೋರ್ಟ್ ಹೇಳಿದೆ. ವಕೀಲರ ಒಂದು ನೋಟಿಸಿಗೆ ಬಹಳ ಕೀಲಿಗಳು ಸಿಕ್ಕಿವೆ. ಒರಿಜಿನಲ್ ತೋರಿಸಿ, ಜೆರಾಕ್ಸ್ ಕೊಡಿ. ಕೊಡಲೇಬೇಕಾಗಿ ಬಂದರೆ ಸ್ವೀಕೃತಿ ಬರೆಸಿಕೊಳ್ಳಿ. ಚೆಕ್ಕಿನ ವಿಷಯದಲ್ಲಿ ಹುಷಾರು. ಅದನ್ನು ಬ್ಯಾಂಕಿಗೆ ಹಾಕಿ ಬೌನ್ಸ್ ಆಗಿ ನಿಮಗೆ ನೋಟಿಸ್ ಬಂದರೆ ಹಣ ಕಟ್ಟಲು 15 ದಿನದ ಗಡುವು ಶುರುವಾಗುತ್ತದೆ. ಸುಮ್ನೆ ಕೂರಬೇಡಿ, ಅದರೊಳಗೆ ಬರಹದಲ್ಲಿ ಉತ್ತರ ಹೋಗಬೇಕು.

ಆದರೆ ಶಾಲೆಯವರ ಮಾತಿನಲ್ಲೂ ನ್ಯಾಯ ಇದೆ. ಜನವರಿಯಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಗಣಿತ ಕಲಿಸುವವರು ಎದ್ದು ಹೋದರೆ ಆ ಮಕ್ಕಳಿಗೆ ಯಾವ ನೋಟಿಸ್ ಪಗಾರವೂ ಸಹಾಯ ಮಾಡುವುದಿಲ್ಲ. ಐಸಿಯುನಲ್ಲಿ ರಾತ್ರಿ ಪಾಳಿ ನೋಡುವ ನರ್ಸ್, ಸಿಮೆಂಟ್ ಕಾರ್ಖಾನೆಯ ಕಿಲ್ನ್ ಆಪರೇಟರ್ ಇವರದೂ ಅದೇ ಕಥೆ. ಅಂಥ ಕೆಲಸದಲ್ಲಿ ಇರುವವರು ನೋಟಿಸ್ ಪೂರ್ತಿ ದುಡಿದು ಹೋಗುವುದೇ ಸರಿ ಅಂತ ನನ್ನ ಎಣಿಕೆ. ಹೊಸ ಕಡೆಯವರಿಗೆ ಕಾಯಿರಿ ಅಂತ ಹೇಳಿ. ಬಹಳ ಜನ ಕಾಯುತ್ತಾರೆ.

ಇಷ್ಟು ವರ್ಷ ದುಡಿಯದೆ ಬಿಟ್ಟರೆ ಇಷ್ಟು ಹಣ ಕೊಡ್ತೀನಿ ಅಂತ ಬರೆಸಿಕೊಳ್ಳುವ ಬಾಂಡ್ ಬಗ್ಗೆ ಎರಡು ತಪ್ಪು ತಿಳಿವಳಿಕೆ ಇವೆ. ಒಂದು, ಬಾಂಡ್ ಅಂದ್ರೆ ಮುಗೀತು ಅನ್ನುವುದು. ಇನ್ನೊಂದು, ಬಾಂಡ್‌ಗೆ ಬೆಲೆಯೇ ಇಲ್ಲ ಅನ್ನುವುದು. ಎರಡನೆಯದನ್ನು ಯೂಟ್ಯೂಬಿನಲ್ಲಿ ಧೈರ್ಯವಾಗಿ ಹೇಳುತ್ತಾರೆ. ವಿಜಯಾ ಬ್ಯಾಂಕ್ ಪ್ರಕರಣ ನೋಡಿ. ಮೂರು ವರ್ಷ ದುಡಿಯದೆ ಬಿಟ್ಟರೆ ಎರಡು ಲಕ್ಷ ರೂಪಾಯಿ ಕೊಡಬೇಕು ಅನ್ನುವ ಷರತ್ತು. ಒಬ್ಬ ಮ್ಯಾನೇಜರ್ 2009ರಲ್ಲಿ ಮೂರು ವರ್ಷ ತುಂಬುವ ಮೊದಲೇ ಬೇರೆ ಬ್ಯಾಂಕಿಗೆ ಹೊರಟರು. ತಕರಾರು ಬರೆದಿಟ್ಟು ಹಣ ಕಟ್ಟಿದರು, ಆಮೇಲೆ ಕೇಸು ಹಾಕಿದರು. ಕರ್ನಾಟಕ ಹೈಕೋರ್ಟಿನಲ್ಲಿ ಗೆದ್ದರು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತೀರ್ಪು ತಿರುಗಿಸಿತು. ಸಾರ್ವಜನಿಕ ಬ್ಯಾಂಕು ಜಾಹೀರಾತು ಕೊಟ್ಟು, ಪರೀಕ್ಷೆ ಮಾಡಿಯೇ ಆಳು ತಗೊಳ್ಳಬೇಕು, ನಡುವೆ ಬಿಟ್ಟರೆ ಆ ಖರ್ಚೆಲ್ಲ ಮತ್ತೆ ಬರುತ್ತದೆ, ಆ ಹುದ್ದೆಯ ಪಗಾರಕ್ಕೆ ಎರಡು ಲಕ್ಷ ಅತಿ ಅಲ್ಲ, ಹಣ ಕೊಟ್ಟು ಹೋಗಲು ದಾರಿಯೂ ಇತ್ತು ಎಂಬುದು ಕೋರ್ಟಿನ ತರ್ಕ. ಇದೇ ತರ್ಕ ಎರಡು ದಿನದ "ಟ್ರೈನಿಂಗ್" ಕೊಟ್ಟು ಎರಡು ಲಕ್ಷದ ಬಾಂಡ್ ಬರೆಸುವ ಸಣ್ಣ ಆಫೀಸಿಗೆ ಹೊಂದುವುದಿಲ್ಲ. ನಿಮ್ಮ ಮೇಲೆ ನಿಜವಾಗಿ ಎಷ್ಟು ಖರ್ಚಾಗಿದೆ ಎಂಬ ಪ್ರಶ್ನೆ ಅಲ್ಲಿ ಬರುತ್ತದೆ.

ಈಗ ಕೊನೆ ತಿಂಗಳ ಪಗಾರ. ಹಳೇ ವೇತನ ಕಾಯ್ದೆಯಲ್ಲಿ ಮಾಲಕರೇ ತೆಗೆದುಹಾಕಿದರೆ ಎರಡು ಕೆಲಸದ ದಿನದಲ್ಲಿ ಲೆಕ್ಕ ಚುಕ್ತಾ ಮಾಡಬೇಕು ಅಂತ ಇತ್ತು. ತಾನಾಗಿ ಬಿಟ್ಟವರ ಮಾತೇ ಅಲ್ಲಿ ಇರಲಿಲ್ಲ. ಹೊಸ ವೇತನ ಸಂಹಿತೆಯ 17ನೇ ಕಲಂ ರಾಜೀನಾಮೆ ಕೊಟ್ಟವರನ್ನೂ ಸೇರಿಸಿದೆ. "ಫುಲ್ ಅಂಡ್ ಫೈನಲ್ 45 ದಿನ ಆಗ್ತದ" ಅನ್ನುವ ಎಚ್‌ಆರ್ ಮಾತು ಪಗಾರಕ್ಕೆ ಈಗ ನಡೆಯುವುದಿಲ್ಲ. ಒಂದು ಪಗಾರದ ಅವಧಿಯಲ್ಲಿ ಎಲ್ಲ ಕಡಿತ ಸೇರಿ ಅರ್ಧಕ್ಕಿಂತ ಜಾಸ್ತಿ ಹಿಡಿಯುವಂತಿಲ್ಲ. ಕ್ಲೇಮ್ ಹಾಕಲು ಮೂರು ವರ್ಷ ಸಮಯ ಇದೆ.

ಪಿಎಫ್ ನಿಮ್ಮ ಹಣ. ಮಾಲಕರ ಜೊತೆಗಿನ ಜಗಳಕ್ಕೂ ಅದಕ್ಕೂ ಸಂಬಂಧ ಇಲ್ಲ. ಬಿಟ್ಟ ದಿನಾಂಕ ಹಾಕದೆ ಸತಾಯಿಸುತ್ತಿದ್ದರೆ, ಕೊನೆಯ ವಂತಿಗೆ ಜಮೆ ಆಗಿ ಎರಡು ತಿಂಗಳಾದ ಮೇಲೆ ಯುಎಎನ್ ಪೋರ್ಟಲಿನಲ್ಲಿ ನೀವೇ ಹಾಕಬಹುದು. 2020ರಿಂದ ಈ ಅನುಕೂಲ ಇದೆ.

ರಿಲೀವಿಂಗ್ ಲೆಟರ್, ಅಂದ್ರೆ ಕೆಲಸದಿಂದ ಬಿಡುಗಡೆ ಮಾಡಿದ ಪತ್ರ, ಮಾತ್ರ ನಿಜವಾದ ತಲೆನೋವು. ಹಣ ಕೋರ್ಟಿನಲ್ಲಿ ಬರುತ್ತದೆ. ಲೆಟರ್ ಬೇಕಿರುವುದು ಸೋಮವಾರ, ಹೊಸ ಆಫೀಸಿನಲ್ಲಿ. ಮಾಲಕರ ಕೈಯಲ್ಲಿರುವ ಬಲವೂ ಅದೇ. ಅದಕ್ಕೇ ನಾನು ರಾಜೀನಾಮೆ ಪತ್ರದ ಮೇಲೆ ಇಷ್ಟು ಒತ್ತು ಕೊಡುವುದು. ಲೆಟರ್ ಸಿಗದಿದ್ದರೂ, ಸರಿಯಾಗಿ ಬಿಟ್ಟು ಬಂದಿದ್ದೇನೆ ಅಂತ ತೋರಿಸಲು ನಿಮ್ಮ ಪತ್ರ, ಪಗಾರದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್ ಇದ್ದರೆ ಹೊಸ ಕಡೆಯವರು ಬಹಳ ಸಲ ಒಪ್ಪುತ್ತಾರೆ. ಹೇಳದೆ ಹೋದವನಿಗೆ ಆ ದಾರಿ ಇಲ್ಲ. ಅವನ ಹೆಸರಿನ ಮುಂದೆ "ಅಬ್ಸ್‌ಕಾಂಡಿಂಗ್" ಅಂತ ಬಿದ್ದಿರುತ್ತದೆ.

ಪತ್ರ ಐದು ಸಾಲು ಸಾಕು. "ನನ್ನ ಹುದ್ದೆಗೆ ಇಂದು ರಾಜೀನಾಮೆ ಪತ್ರ ನೀಡುತ್ತಿದ್ದೇನೆ. ನೇಮಕ ಪತ್ರದ ಇಂಥ ಷರತ್ತಿನಂತೆ ನನ್ನ ಕೊನೆಯ ಕೆಲಸದ ದಿನ ಇಂಥದ್ದು. ಅಷ್ಟರೊಳಗೆ ಕೆಲಸ ಯಾರಿಗೆ ಒಪ್ಪಿಸಬೇಕು ತಿಳಿಸಿ. ಬೇಗ ಬಿಡುಗಡೆ ಸಾಧ್ಯವಿದ್ದರೆ ಉಳಿದ ದಿನದ ಲೆಕ್ಕ ತಿಳಿಸಿ. ಬಾಕಿ ಪಗಾರ ಮತ್ತು ರಿಲೀವಿಂಗ್ ಪತ್ರ ಕೊಡಬೇಕಾಗಿ ವಿನಂತಿ." ಮ್ಯಾನೇಜರ್ ಎಷ್ಟು ಕೆಟ್ಟವರು ಎಂಬ ಪುರಾಣ ಬೇಡ. ಇಮೇಲ್ ಮಾಡಿ, ಅದರ ಕಾಪಿ ನಿಮ್ಮ ಸ್ವಂತ ಇಮೇಲಿಗೂ ಹೋಗಲಿ. ಆಫೀಸಿನ ಇಮೇಲ್ ಅದೇ ಸಂಜೆ ಬಂದ್ ಆಗಬಹುದು. ಇಮೇಲ್ ಇಲ್ಲದ ಕಡೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ವಾಟ್ಸಾಪಿನಲ್ಲಿ ಕಳಿಸಿದರೆ ಬ್ಲೂ ಟಿಕ್ ಬಂದ ಮೇಲೆ ಸ್ಕ್ರೀನ್‌ಶಾಟ್ ತೆಗೆಯಿರಿ.

ಸಿಟ್ಟಿನಲ್ಲಿ ಕೊಟ್ಟುಬಿಟ್ಟವರಿಗೂ ಒಂದು ಮಾತು. ರಾಜೀನಾಮೆ ಜಾರಿಗೆ ಬರುವ ಮೊದಲು ವಾಪಸ್ ತಗೋಬಹುದು ಅಂತ ಸುಪ್ರೀಂ ಕೋರ್ಟ್ 1978ರಲ್ಲೇ ಹೇಳಿದೆ. ಕೊಂಕಣ ರೈಲ್ವೆಯ ನೌಕರರೊಬ್ಬರು 2013ರ ಡಿಸೆಂಬರಿನಲ್ಲಿ ಕೊಟ್ಟ ರಾಜೀನಾಮೆಯನ್ನು 2014ರ ಮೇನಲ್ಲಿ ವಾಪಸ್ ಕೇಳಿದರು. ಅಂಗೀಕಾರ ಆಗಿದೆ ಎಂಬುದು ಫೈಲಿನೊಳಗೇ ಇತ್ತು, ಅವರಿಗೆ ಮುಟ್ಟಿರಲಿಲ್ಲ. 2024ರಲ್ಲಿ ಕೋರ್ಟು ಅವರನ್ನು ಮತ್ತೆ ಕೆಲಸಕ್ಕೆ ತಗೊಳ್ಳಿ ಅಂದಿತು. ಹತ್ತು ವರ್ಷ ಹೋಯಿತು ಅನ್ನುವುದನ್ನೂ ನೆನಪಿಡಿ.

ಸರ್ಕಾರಿ ನೌಕರಿ ಬೇರೆ ಲೋಕ. ಅಲ್ಲಿ ಅಂಗೀಕಾರ ಬೇಕು. ಈ ಭಾಗದವರಿಗೆ ನೌಕರಿಯಲ್ಲಿ ಮೀಸಲು ಕೊಡುವ ಸಂವಿಧಾನದ 371ಜೆ ವಿಧಿ ಬಂದ ಮೇಲೆ ನಮ್ಮ ಭಾಗದಲ್ಲಿ ಒಂದು ಹುದ್ದೆಯಿಂದ ಇನ್ನೊಂದು ಹುದ್ದೆಗೆ ಪರೀಕ್ಷೆ ಬರೆದು ಹೋಗುವವರು ಬಹಳ. ಇಲಾಖೆಯ ಅನುಮತಿ ಪಡೆದು ಅರ್ಜಿ ಹಾಕಿ, ಹೊಸ ಹುದ್ದೆಗೆ ಸೇರಲು ಅಂತಲೇ ಬಿಡುಗಡೆ ಆದೇಶ ತಗೊಳ್ಳಿ. ಸುಮ್ನೆ ರಾಜೀನಾಮೆ ಬಿಸಾಕಿ ಹೋದರೆ ಹಿಂದಿನ ಸೇವೆ ಕಳೆದುಕೊಳ್ಳುತ್ತೀರಿ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಎರಡನ್ನು ಇಲ್ಲಿ ಬರೆಯುತ್ತೇನೆ.

ಶಿಕ್ಷಕಿಯೊಬ್ಬರು ಕೇಳಿದರು, "ಸರ್, ನಾವು ಲೇಬರ್ ಕೋರ್ಟಿಗೆ ಹೋಗಬಹುದಾ?" ಕಷ್ಟ ಮೇಡಂ. ಶಿಕ್ಷಕರು ಹಳೇ ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಕಾರ್ಮಿಕರಲ್ಲ ಅಂತ ಸುಪ್ರೀಂ ಕೋರ್ಟ್ 1988ರಲ್ಲಿ ಹೇಳಿದೆ. ಆದರೆ ವೇತನ ಸಂಹಿತೆ ನೌಕರರೆಲ್ಲರಿಗೂ ಇದೆ. ಬಿಡುವಾಗ ಸೇವೆಯ ವರ್ಷ ನೋಡಿ ಕೊಡುವ ಹಣ, ಅಂದ್ರೆ ಗ್ರಾಚುಟಿಯೂ ಇದೆ, 2009ರ ತಿದ್ದುಪಡಿ ಶಿಕ್ಷಕರನ್ನು 1997ರ ಏಪ್ರಿಲ್ 3ರಿಂದಲೇ ಸೇರಿಸಿತು. ವಕೀಲರ ಫೀಸಿನ ಚಿಂತೆ ಇದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ನೆರವು ಸಿಗುತ್ತದೆ. ಫೋನ್ ನಂಬರ್ 15100.

ಹಿಂದಿನ ಸಾಲಿನಿಂದ ಒಬ್ಬರು ಎದ್ದರು. "ಏಳು ವರ್ಷ ದಾಲ್ ಮಿಲ್ಲಿನಾಗ ದುಡಿದೀನ್ರಿ. ಆರ್ಡರ್ ಇಲ್ಲ, ಏನಿಲ್ಲ. ಬಿಟ್ರ ಏನಾರ ಬರ್ತದೇನ್ರಿ?" ಬರುತ್ತದೆ ಅಣ್ಣಾ. 10 ಜನ ಇದ್ದ ಕಡೆ ಐದು ವರ್ಷ ದುಡಿದಿದ್ದರೆ ಗ್ರಾಚುಟಿ ಇದೆ. ಒಮ್ಮೆ 10 ಜನ ಆಗಿದ್ದರೆ ಆಮೇಲೆ ಕಡಿಮೆಯಾದರೂ ಅದು ತಪ್ಪುವುದಿಲ್ಲ. ಬೇಸಿಕ್ ಮತ್ತು ಡಿಎ ಸೇರಿ ನಿಮ್ಮ ಕೊನೆ ಪಗಾರ 14,000 ಅಂತ ಇಟ್ಟುಕೊಳ್ಳಿ. ಅದನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಏಳು ವರ್ಷಕ್ಕೆ ಗುಣಿಸಿ. 56,538 ರೂಪಾಯಿ ಆಗುತ್ತದೆ. 30 ದಿನದೊಳಗೆ ಕೊಡಬೇಕು. ಆರ್ಡರ್ ಇಲ್ಲದಿದ್ದರೆ ಇಎಸ್‌ಐ ಕಾರ್ಡ್, ಪಗಾರ ಜಮೆಯಾದ ಪಾಸ್‌ಬುಕ್, ಲಾರಿ ಲೋಡಿನ ಚೀಟಿ ಮೇಲೆ ನಿಮ್ಮ ಸಹಿ, ಮಿಲ್ಲಿನ ವಾಟ್ಸಾಪ್ ಗ್ರೂಪಿನ ಮೆಸೇಜು, ಇವೆಲ್ಲ ಸಾಕ್ಷಿಯೇ. ಬಿಡುವ ಮೊದಲು ಒಂದು ಫೈಲು ಮಾಡಿ ಮನೆಯಲ್ಲಿ ಇಡಿ. ಬಿಟ್ಟ ಮೇಲೆ ಬರಹದಲ್ಲಿ ಅರ್ಜಿ ಕೊಡಿ, ಅವರು ಇಸ್ಕೊಳ್ಳದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ. 30 ದಿನ ಆದ ಮೇಲೂ ಬರದಿದ್ದರೆ ಆ ರಸೀದಿ ಹಿಡಿದು ಕಾರ್ಮಿಕ ಇಲಾಖೆ ಆಫೀಸಿಗೆ ಹೋಗಿ.